ತುಟಿ ಆಡಿಸಿದ್ರೆ ಒಪೆರಾ ಆಗಲ್ಲ

ಒಪೆರಾ ನೋಡೋಕೆ ಶುರು ಮಾಡ್ತೀನಿ ಅಂದ್ರೆ ಸಾಕು, ಯಾರಾದ್ರೂ ಒಬ್ರು ಝೆಫಿರೆಲ್ಲಿಯ 1986ರ 'ಒಟೆಲ್ಲೊ' ಸಿನಿಮಾ ತೋರಿಸ್ತಾರೆ. ಕೋಟೆ, ಸಮುದ್ರ, ಪ್ಲಾಸಿಡೊ ಡೊಮಿಂಗೊ, ಎಲ್ಲ ಇದೆ. ಹಾಡು ಮಾತ್ರ ಮೊದಲೇ ರೆಕಾರ್ಡ್ ಆಗಿದ್ದು. ಕ್ಯಾಮೆರಾ ಮುಂದೆ ಬರೀ ತುಟಿ. ಸಾಯೋಕೆ ಮುಂಚೆ ಡೆಸ್ಡೆಮೋನಾ ಹಾಡುವ 'ವಿಲೋ' ಹಾಡನ್ನಂತೂ ಕತ್ತರಿಸಿಯೇ ಬಿಟ್ಟಿದ್ದಾರೆ. ಧಾರೆ ಬಿಟ್ಟು ಮದುವೆ ಮಾಡಿದ ಹಾಗೆ!

ಪ್ಲೇಬ್ಯಾಕ್‌ನಲ್ಲೇನು ತಪ್ಪು, ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಹಾಡಲಿಲ್ವಾ ಅಂತೀರಿ. ಹಾಡಿದ್ರು. ಅದು ಸಿನಿಮಾ ಕಣ್ರೀ, ಅದರ ಕರಾರೇ ಬೇರೆ. ಒಪೆರಾದಲ್ಲಿ ಮೈಕ್ ಇಲ್ಲದೆ ಇಡೀ ವಾದ್ಯವೃಂದವನ್ನು ದಾಟಿ ಕೊನೇ ಸಾಲಿಗೆ ದನಿ ಮುಟ್ಟಿಸಬೇಕು. ಆ ದುಡಿಮೆ ಹಾಡುವವರ ಮೈಯಲ್ಲಿ ಕಾಣಬೇಕು.

ಅದು ಕಾಣಬೇಕಂದ್ರೆ 1964ರ ಫೆಬ್ರವರಿ 9ರಂದು ಲಂಡನ್ನಿನ ಕವೆಂಟ್ ಗಾರ್ಡನ್‌ನಲ್ಲಿ ಟಿವಿಯವರು ಸೆರೆಹಿಡಿದ 'ಟೋಸ್ಕಾ' ಎರಡನೇ ಅಂಕ ನೋಡಿ. ಕಪ್ಪು-ಬಿಳುಪು. ಮರಿಯಾ ಕಲ್ಲಾಸ್, ಎದುರಿಗೆ ಟಿಟೊ ಗೊಬ್ಬಿ. ಊಟದ ಮೇಜಿನ ಮೇಲಿನ ಚಾಕು ಆಕೆಯ ಕಣ್ಣಿಗೆ ಬೀಳೋ ಕ್ಷಣದಲ್ಲಿ ನೀವು ಉಸಿರಾಡಿದ್ರೆ ಕೇಳಿ. ದನಿ ಅಲ್ಲಲ್ಲಿ ಅಲುಗುತ್ತೆ. ಅಲುಗಲಿ ಬಿಡಿ, ಅದು ಅಲ್ಲೇ ಆಗ ಹುಟ್ಟಿದ ದನಿ. (ತಮಾಷೆ ಅಂದ್ರೆ, ರಂಗದ ಮೇಲೆ ಅದನ್ನು ನಿರ್ದೇಶಿಸಿದ್ದೂ ಇದೇ ಝೆಫಿರೆಲ್ಲಿ.)

ಕಲ್ಲಾಸ್ ಪೂರ್ತಿ ಒಪೆರಾ ಹಾಡಿದ ಒಂದೇ ಒಂದು ಚಿತ್ರೀಕರಣ ನಮಗೆ ಉಳಿದಿಲ್ಲ. 1969ರಲ್ಲಿ ಪಸೋಲಿನಿ ಆಕೆಯನ್ನು 'ಮೆಡಿಯಾ' ಸಿನಿಮಾಕ್ಕೆ ಕರೆದ, ಹಾಡಿಸಲೇ ಇಲ್ಲ. ಇಂಥಾ ಗಾಯಕಿ ಹಾಡ್ತಿದ್ದಾಗ ರಂಗದ ಎದುರು ಸುಮ್ಮನೆ ಎರಡು ಕ್ಯಾಮೆರಾ ಇಟ್ಟಿದ್ರೂ ಸಾಕಿತ್ತು. ಸಮುದ್ರ ಯಾರಿಗೆ ಬೇಕಿತ್ತು?