‘ಪ್ರೀಮಿಯಂ’ ಪೆಟ್ರೋಲಿನ ಹುಸಿ ಹಿರಿಮೆ

ಘಟ್ಟ ಹತ್ತುವ ಕಾರಿಗೆ ‘ಪ್ರೀಮಿಯಂ’ ಪೆಟ್ರೋಲ್ ಹಾಕಿಸಿದರೆ ಬಲ ಹೆಚ್ಚುತ್ತದೆ, ಮೈಲೇಜ್ ಏರುತ್ತದೆ, ಪರಿಸರಕ್ಕೂ ಒಳಿತು ಎಂಬ ನಂಬಿಕೆ ಮಲೆನಾಡಿನ ಪೇಟೆಗಳಲ್ಲೂ ಬೇರುಬಿಟ್ಟಿದೆ. ಈ ನಂಬಿಕೆಯಿಂದ ಲಾಭ ಪಡೆಯುವವರು ಯಾರೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಆಕ್ಟೇನ್ ಸಂಖ್ಯೆ ಇಂಧನದ ಶಕ್ತಿಯ ಅಳತೆಯಲ್ಲ. ಸಿಲಿಂಡರಿನೊಳಗಿನ ಒತ್ತಡಕ್ಕೂ ಬಿಸಿಗೂ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳದೆ ಎಷ್ಟರಮಟ್ಟಿಗೆ ತಾಳಬಲ್ಲದು ಎಂಬುದನ್ನಷ್ಟೇ ಅದು ತಿಳಿಸುತ್ತದೆ. ತಾಳದೆ ಹೋದಾಗ ಎಂಜಿನ್ ಟಕಟಕನೆ ಬಡಿಯುತ್ತದೆ. ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುವ ಎಂಜಿನ್ನಿಗೆ ಅಧಿಕ ಆಕ್ಟೇನ್ ಬೇಕೆಂದು ಕಾರಿನ ಕೈಪಿಡಿಯಲ್ಲೇ ಬರೆದಿದ್ದರೆ ಅದನ್ನು ಹಾಕಬೇಕಾದದ್ದೇ. ಅಲ್ಲಿ ಪ್ರಯೋಜನ ನಿಜ. ಉಳಿದ ಕಾರುಗಳಿಗೆ ಅದನ್ನು ತುಂಬಿಸುವುದು ಗದ್ದೆಗೆ ಅಗತ್ಯ ಮೀರಿ ಯೂರಿಯಾ ಸುರಿದಂತೆ. ಏರಿನಲ್ಲಿ ಎಂಜಿನ್ ಬಡಿಯತೊಡಗಿದರೆ ಹಲವು ವೇಳೆ ಒಂದು ಗೇರ್ ಇಳಿಸಿದರೆ ಸಾಕಾಗುತ್ತದೆ.

ಅಮೆರಿಕದ ವಾಹನ ಸವಾರರ ಸಂಘವಾದ ‘ಎಎಎ’ 2016ರಲ್ಲಿ ಇದನ್ನು ಪರೀಕ್ಷಿಸಿತು. ಸಾಮಾನ್ಯ ಪೆಟ್ರೋಲಿಗೆಂದು ರೂಪಿಸಿದ ಕಾರುಗಳಲ್ಲಿ ದುಬಾರಿ ಇಂಧನದಿಂದ ಬಲ, ಮೈಲೇಜ್, ಹೊಗೆ ಯಾವುದರಲ್ಲೂ ಗಣನೀಯ ಲಾಭ ಕಾಣಲಿಲ್ಲ. ಹಿಂದಿನ ಒಂದೇ ವರ್ಷದಲ್ಲಿ ಅಲ್ಲಿನವರು ಹೀಗೆ 210 ಕೋಟಿ ಡಾಲರಿಗೂ ಹೆಚ್ಚು ಹಣ ವ್ಯರ್ಥ ಮಾಡಿದ್ದರೆಂದು ಅದು ಅಂದಾಜಿಸಿತು. ಭಾರತದಲ್ಲಿ ಶೇ. 20 ಎಥನಾಲ್ ಬೆರೆತ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿದೆಯೆಂದು ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿದೆ. ಹಾಗಿದ್ದ ಮೇಲೆ 95ರ ಹೆಸರಿನಲ್ಲಿ ಹೆಚ್ಚಿನ ದರ ಕೇಳುವುದಕ್ಕೆ ಆಧಾರವಾದರೂ ಏನು?

‘ಉತ್ತಮ’ ಪೆಟ್ರೋಲಿನ ಚರಿತ್ರೆಯನ್ನು ವಿದ್ಯಾರ್ಥಿಗಳು ಅಗತ್ಯವಾಗಿ ಓದಬೇಕು. ಎಂಜಿನ್ ಬಡಿತ ತಡೆಯಲು ಥಾಮಸ್ ಮಿಜ್ಲಿ 1921ರಲ್ಲಿ ಕಂಡುಕೊಂಡದ್ದು ಸೀಸದ ಸಂಯುಕ್ತ. 1923ರಲ್ಲಿ ಅದನ್ನು ಬೆರೆಸಿದ ಪೆಟ್ರೋಲ್ ‘ಎಥಿಲ್’ ಎಂಬ ಮುದ್ದಾದ ಹೆಸರಿನಲ್ಲಿ, ಹೆಚ್ಚಿನ ಬೆಲೆಗೆ ಮಾರುಕಟ್ಟೆಗೆ ಬಂತು. ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ. ಮರುವರ್ಷವೇ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ವಿಷವೇರಿ ಸತ್ತರು. ಆದರೂ ಮಕ್ಕಳ ಮಿದುಳಿಗೆ ಹಾನಿ ಮಾಡುವ ಆ ವಿಷವನ್ನು ಭಾರತವು 2000ದವರೆಗೆ ಉಸಿರಾಡಿತು. ಕಾರುಗಳಲ್ಲಿ ಅದರ ಬಳಕೆಯನ್ನು ಕೊನೆಯದಾಗಿ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ.

ಇಂದಿನ ಪ್ರೀಮಿಯಂ ಪೆಟ್ರೋಲಿನಲ್ಲಿ ಸೀಸವಿಲ್ಲ, ಸರಿ. ಆದರೆ ಯಾವ ಹೆಸರಿನ ಪೆಟ್ರೋಲಾದರೂ ಲೀಟರೊಂದು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗಾಳಿಗೆ ನಿಜವಾದ ಉಪಕಾರವಾದದ್ದು 2020ರ ಏಪ್ರಿಲ್‌ನಲ್ಲಿ: ಭಾರತ್ ಸ್ಟೇಜ್ 6 ನಿಯಮವು ಗಂಧಕದ ಮಿತಿಯನ್ನು ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಸಿತು. ಅದು ಶ್ರೀಮಂತರ ಕಾರಿಗೆ ಮಾತ್ರವಲ್ಲ, ಪ್ರತಿ ಪಂಪಿನ ಪ್ರತಿ ಲೀಟರಿಗೂ ಅನ್ವಯಿಸಿತು.

ಪ್ರೀಮಿಯಂ ಪೆಟ್ರೋಲಿನಲ್ಲಿ ಎಂಜಿನ್ನಿನ ಕಿಟ್ಟ ತೆಗೆಯುವ ರಾಸಾಯನಿಕವಿದೆ ಎಂಬುದು ಕಂಪನಿಗಳ ಕೊನೆಯ ವಾದ. ಅದು ಅಷ್ಟು ಹಿತಕರವಾದರೆ ಬಡವನ ಹಳೆಯ ಸ್ಕೂಟರಿಗೂ ಸಿಗಬೇಕಲ್ಲವೆ? ಅಮೆರಿಕವು 1995ರಲ್ಲೇ ಅದನ್ನು ಎಲ್ಲ ಪೆಟ್ರೋಲಿಗೂ ಕಡ್ಡಾಯಗೊಳಿಸಿತು.