ಸಾರ್ಥಕವಾದ ಬಾಳು ಯಾವುದು?

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯರ ಕೂಟದ ದಿನ ನಮ್ಮ ಶಾಲೆಯ ಬಾಗಿಲಿನ ಹೊರಗೆ ಒಬ್ಬ ಹೆಣ್ಣುಮಗಳು ಬಹಳ ಹೊತ್ತು ನಿಂತಿದ್ದಳು. ನಾವೇ ಹೋಗಿ ಕರೆಯಲು, "ಟೀಚರ್, ಹೇಳಿಕೊಳ್ಳುವಂಥದ್ದು ನನ್ನಲ್ಲಿ ಏನೂ ಇಲ್ಲ, ಯಾವ ಮುಖವಿಟ್ಟುಕೊಂಡು ಒಳಗೆ ಬರಲಿ?" ಎಂದಳು. ವೈದ್ಯವಿದ್ಯೆಯ ಪ್ರವೇಶಪರೀಕ್ಷೆಯಲ್ಲಿ ಎರಡು ಸಲ ಸೋತ ಈಕೆ, ತಂದೆ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವನ್ನೇ ನಂಬಿ ಇಬ್ಬರು ತಂಗಿಯರನ್ನು ಓದಿಸುತ್ತಿದ್ದಾಳೆ. ಕಡೆಗೆ ಒಳಗೆ ಬಂದಳು. ಹಿಂದಿನ ಸಾಲಿನಲ್ಲಿ ಕುಳಿತಳು. ಆ ನಾಚಿಕೆಯನ್ನು ಅವಳಿಗೆ ಕಲಿಸಿದವರಾರು ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಾಧಿಸುತ್ತಿದೆ.

ಹಿಂದೆ ನಮ್ಮ ಸೀಮೆಯ ತಂದೆತಾಯಿಗಳು "ಹೆಣ್ಣಿಗೆ ಇಷ್ಟು ಓದು ಸಾಕು" ಎನ್ನುತ್ತಿದ್ದರು. ಕೊಪ್ಪದ ಸುತ್ತಿನ ಹಳ್ಳಿಗಳಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ ಬಂದಿತೆಂದರೆ ಬ್ಯಾರನ್ನಿನ ಕೆಲಸಕ್ಕಾಗಿ ಹುಡುಗಿಯರ ಹಾಜರಿ ಕುಗ್ಗುವುದನ್ನು ನಾವು ಈಗಲೂ ಕಾಣುತ್ತೇವೆ. ೨೦೦೬ನೆಯ ಇಸವಿಯ ಬಾಲ್ಯವಿವಾಹ ನಿಷೇಧ ಕಾಯಿದೆ ಇದ್ದಾಗ್ಯೂ, ಒಳ್ಳೆಯ ಸಂಬಂಧ ಸಿಕ್ಕಿದರೆ ಮಗಳಿಗೆ ಹದಿನೆಂಟು ತುಂಬುವುದನ್ನು ಕಾಯಲಾರದವರುಂಟು. ಇನ್ನು ಕೆಲವರು ಎಷ್ಟು ಓದಿದರೂ ಸಾಲದೆನ್ನುವರು; "೬೨೫ಕ್ಕೆ ಎಷ್ಟು ಬಂತು?" ಎಂಬುದೇ ಅವರ ಮೊದಲನೆಯ ಮಾತು. ಮೊದಲಿನವರಿಗೆ ಮಗಳು ಮನೆಯ ಮಾನ, ಎರಡನೆಯವರಿಗೆ ಮನೆಯ ಕೀರ್ತಿ. ಅವಳ ಮನಸ್ಸೇನೆಂದು ಕೇಳುವವರು ಇಬ್ಬರಲ್ಲಿಯೂ ವಿರಳ.

ಲೋಕದ ಅಳತೆಗೋಲು ಎಷ್ಟು ತಪ್ಪುವುದೆಂಬುದಕ್ಕೆ ನಮ್ಮ ಮೈಸೂರು ಜಿಲ್ಲೆಯಲ್ಲಿಯೇ ನಿದರ್ಶನವಿದೆ. ೧೮೮೭ರಲ್ಲಿ ನಂಜನಗೂಡಿನಲ್ಲಿ ಜನಿಸಿದ ತಿರುಮಲಾಂಬ ಅವರು ಎಳವೆಯಲ್ಲಿ ಮದುವೆಯಾಗಿ, ಹದಿನಾಲ್ಕನೆಯ ವಯಸ್ಸಿಗೆ ವಿಧವೆಯಾದರು. ಅಂದಿನವರ ಕಣ್ಣಿಗೆ ಆ ಬಾಳು ಅಲ್ಲಿಗೇ ಮುಗಿದಿತ್ತು. ಅವರಾದರೋ ಓದನ್ನೂ ಬರಹವನ್ನೂ ಹಿಡಿದು, ೧೯೧೩ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನೂ, ಬಳಿಕ 'ಕರ್ನಾಟಕ ನಂದಿನೀ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಸಮಾಜವಿತ್ತ ತೀರ್ಪನ್ನೇ ಕೊನೆಯದೆಂದು ಅವರು ಒಪ್ಪಿದ್ದರೆ, ಹೊಸಗನ್ನಡದ ಮೊದಮೊದಲ ಲೇಖಕಿಯರಲ್ಲೊಬ್ಬರನ್ನು ನಾಡು ಕಳೆದುಕೊಳ್ಳುತ್ತಿತ್ತು.

ದೋಷವು ಪೋಷಕರದು ಮಾತ್ರವಲ್ಲ. ನಮ್ಮ ಗೋಡೆಯ ಗೌರವಫಲಕದಲ್ಲಿ ಅಂಕಗಳ ಹೊರತು ಬೇರೆ ಯಾವುದಕ್ಕೂ ಸ್ಥಳವಿಲ್ಲ. ಐದು ತಲಾಂತು ಸಂಪಾದಿಸಿದವನಿಗೂ ಎರಡು ಸಂಪಾದಿಸಿದವನಿಗೂ ಒಡೆಯನು ಒಂದೇ ಮೆಚ್ಚುಗೆಯ ಮಾತನ್ನಾಡಿದನೆಂದು ತರಗತಿಯಲ್ಲಿ ಬೋಧಿಸುವ ನಾವೇ ಬಹುಮಾನದ ದಿನ ಅದನ್ನು ಮರೆತುಬಿಡುತ್ತೇವೆ.

ಅಂಕಗಳು ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ಬಡವರ ಮಗಳಿಗೆ ಎಷ್ಟೋ ವೇಳೆ ಅಂಕಪಟ್ಟಿಯೇ ಮುಂದಣ ದಾರಿ. ಆದರೆ ದಾರಿಯನ್ನೇ ಊರೆಂದು ತಿಳಿಯಬಾರದು. ತನ್ನ ಬಾಳಿನ ವಿಷಯವನ್ನು ತಾನೇ ಯೋಚಿಸಿ ನಿಶ್ಚಯಿಸಬಲ್ಲಳೇ? ಸೋತ ದಿನವೂ ತಲೆಯೆತ್ತಿ ನಿಲ್ಲಬಲ್ಲಳೇ? ಅವಳಿಂದ ಮತ್ತೊಬ್ಬರಿಗೆ ನೆರಳಾಯಿತೇ? ನಾವು ಕೇಳಬೇಕಾದುದು ಇವನ್ನು.

ಪೋಷಕರಲ್ಲಿ ನಮ್ಮ ಅರಿಕೆಯಿಷ್ಟೆ: ಫಲಿತಾಂಶ ಬಂದ ದಿನ ಅಂಕವನ್ನು ಕೇಳುವ ಮೊದಲು ಮಗಳನ್ನು ಹತ್ತಿರ ಕೂರಿಸಿಕೊಂಡು ಅವಳ ಮನಸ್ಸನ್ನು ಕೇಳಿರಿ. ಹಳೆಯ ವಿದ್ಯಾರ್ಥಿನಿಯರೇ, ಮುಂದಿನ ಸಂಚಿಕೆಗೆ ನಿಮ್ಮ ಸಮಾಚಾರ ಕಳುಹಿಸುವಾಗ ಪದವಿ ಹುದ್ದೆಗಳನ್ನಷ್ಟೇ ಬರೆಯದಿರಿ. ಯಾರನ್ನು ಸಾಕಿದಿರಿ, ಯಾರಿಗೆ ಅಕ್ಷರ ಕಲಿಸಿದಿರಿ, ಯಾವ ಸೋಲಿನಿಂದ ಎದ್ದಿರಿ ಎಂಬುದನ್ನೂ ಬರೆಯಿರಿ. ಹಿಂದಿನ ಸಾಲಿನಲ್ಲಿ ಕುಳಿತ ಆ ಮಗಳು ಒಪ್ಪಿದರೆ, ಆ ಪಟ್ಟಿಯ ಮೊದಲನೆಯ ಹೆಸರು ಅವಳದಾಗಬೇಕೆಂಬುದು ನಮ್ಮ ಆಸೆ.