ಸೂರ್ಯಕುಮಾರ್ ಹರ್ನಿಯಾ ಬೇರೆ, ಹಮಾಲರ ಹರ್ನಿಯಾ ಬೇರೆ

2025ರ ಜೂನ್‌ನಲ್ಲಿ ಸೂರ್ಯಕುಮಾರ್ ಯಾದವ್ ಜರ್ಮನಿಯ ಮ್ಯೂನಿಕ್‌ನಲ್ಲಿ ಸ್ಪೋರ್ಟ್ಸ್ ಹರ್ನಿಯಾ ಆಪರೇಷನ್ ಮಾಡಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಗೆದ್ದ ತಂಡಕ್ಕೆ ಅವರೇ ಕ್ಯಾಪ್ಟನ್. 2022ರಲ್ಲಿ ನಮ್ಮ ಕೆ.ಎಲ್. ರಾಹುಲ್ ಕೂಡ ಇದೇ ತೊಂದರೆಗೆ ಜರ್ಮನಿಗೇ ಹೋಗಿದ್ದರು. ಇಂಥ ಸುದ್ದಿ ಓದಿದವರಿಗೆ ಹರ್ನಿಯಾ ಅಂದ್ರೆ ದೊಡ್ಡ ಆಟಗಾರರ ಕಾಯಿಲೆ ಅನ್ನಿಸಿದರೆ ತಪ್ಪಿಲ್ಲ.

ಆದರೆ ಸ್ಪೋರ್ಟ್ಸ್ ಹರ್ನಿಯಾ ನಿಜಕ್ಕೂ ಹರ್ನಿಯಾನೇ ಅಲ್ಲ. ಅಲ್ಲಿ ಕರುಳು ಹೊರಗೆ ಬರುವುದಿಲ್ಲ, ಗಂಟು ಕಾಣುವುದಿಲ್ಲ. ಕೆಳಹೊಟ್ಟೆಯ ಮತ್ತು ಒಳತೊಡೆಯ ಸ್ನಾಯುಗಳು ಸೊಂಟದ ಮುಂದಿನ ಮೂಳೆಗೆ ಸೇರುವ ಜಾಗದಲ್ಲಿ ಹರಿದಿರುತ್ತವೆ ಇಲ್ಲವೇ ಸಡಿಲವಾಗಿರುತ್ತವೆ. ಓಡುತ್ತಾ ಗಕ್ಕನೆ ತಿರುಗಿದಾಗ, ಒದ್ದಾಗ ತೊಡೆಸಂದು ನೋಯುತ್ತೆ. ರೆಸ್ಟ್ ತಗೊಂಡ್ರೆ ಹೋಗುತ್ತೆ, ಮೈದಾನಕ್ಕಿಳಿದರೆ ಮತ್ತೆ ಹಾಜರ್. ಈ ಹೆಸರೇ ಬೇಡ ಎಂದು 2014ರಲ್ಲಿ ದೋಹಾದಲ್ಲಿ ಸೇರಿದ್ದ ತಜ್ಞರು ಹೇಳಿದ್ದರು. ಯಾರು ಕೇಳ್ತಾರೆ? ಮೊದಲ ಚಿಕಿತ್ಸೆ ಕೆಲವು ವಾರಗಳ ಫಿಸಿಯೋಥೆರಪಿ. ಅದಕ್ಕೂ ಬಗ್ಗದಿದ್ದರೆ ಆಪರೇಷನ್. ಬಹಳ ದಿನದಿಂದ ನೋವಿದ್ದ 60 ಆಟಗಾರರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ ಆಪರೇಷನ್ ಆದ 30 ಮಂದಿಯಲ್ಲಿ 27 ಜನ ಮೂರು ತಿಂಗಳಲ್ಲಿ ಆಟಕ್ಕೆ ಮರಳಿದರು. ಆಪರೇಷನ್ ಇಲ್ಲದ 30ರಲ್ಲಿ ಮರಳಿದ್ದು 8 ಮಂದಿ.

ಇನ್ನು ನಿಜವಾದ ಹರ್ನಿಯಾ. ಅದನ್ನು ನೋಡಬೇಕಂದ್ರೆ ಯಶವಂತಪುರದ ಎಪಿಎಂಸಿ ಯಾರ್ಡ್‌ನಂಥ ಜಾಗಕ್ಕೆ ಹೋಗಬೇಕು. ಚೀಲ ಹೊರುವಾಗ, ಕೆಮ್ಮಿದಾಗ ತೊಡೆಸಂದಿನಲ್ಲಿ ಉಬ್ಬು ಏಳುತ್ತೆ, ಅಂಗಾತ ಮಲಗಿದರೆ ಒಳಗೆ ಹೋಗುತ್ತೆ. ಭಾರ ಎತ್ತುವುದೊಂದೇ ಕಾರಣವಲ್ಲ. ಹುಟ್ಟಿನಿಂದ ಮುಚ್ಚದೆ ಉಳಿದ ದಾರಿ, ವಯಸ್ಸು, ಬಿಡದ ಕೆಮ್ಮು ಎಲ್ಲವೂ ಸೇರುತ್ತವೆ. ಜೀವಮಾನದಲ್ಲಿ ನೂರು ಗಂಡಸರಲ್ಲಿ ಸುಮಾರು 27 ಮಂದಿಗೆ, ನೂರು ಹೆಂಗಸರಲ್ಲಿ 3 ಮಂದಿಗೆ ಇದು ಬರುತ್ತದೆ ಎಂಬುದು ವೈದ್ಯರ ಅಂದಾಜು. ಜಾಗ ಅಂಥದ್ದಾದ್ದರಿಂದ ಹೆಂಡತಿಗೂ ಹೇಳದೆ ಬೆಲ್ಟ್ ಕಟ್ಟಿಕೊಂಡು ವರ್ಷಗಟ್ಟಲೆ ತಳ್ಳುವವರಿದ್ದಾರೆ. ಬೆಲ್ಟ್‌ನಿಂದ ಹರ್ನಿಯಾ ವಾಸಿಯಾಗಲ್ಲ. ಗಂಟು ಗಟ್ಟಿಯಾಗಿ ಒಳಗೆ ಹೋಗದೆ ನೋವು, ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡಿದೆ ಅಂತ ಅರ್ಥ; ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಬೇಕು. ಹೆಂಗಸರಲ್ಲಿ ಹೆಚ್ಚಾಗಿ ಕಾಣುವ, ತೊಡೆಯ ಬುಡದಲ್ಲಿ ಏಳುವ ಸಣ್ಣ ಗಂಟು ಇನ್ನೂ ಬೇಗ ಸಿಕ್ಕಿಕೊಳ್ಳುತ್ತೆ. ಅದನ್ನು ಕೊಬ್ಬಿನ ಗಂಟು ಅಂತ ಬಿಡಬಾರದು.

ಇದರ ಚಿಕಿತ್ಸೆಗೆ ಮ್ಯೂನಿಕ್ ಬೇಡ, ಜಿಲ್ಲಾಸ್ಪತ್ರೆ ಸಾಕು. ದುರ್ಬಲವಾದ ಜಾಗಕ್ಕೆ ಒಳಗಿನಿಂದ ಒಂದು ಬಲೆಯ ತೇಪೆ ಹಾಕುತ್ತಾರೆ. ಈ ಬಲೆ ದುಬಾರಿಯೆಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾದ ಸರ್ಜನ್ ಡಾ. ಟೋಂಗಾವ್ಕರ್, ಸೊಳ್ಳೆಪರದೆಯ ಬಟ್ಟೆಯನ್ನೇ ಸ್ಟೆರಿಲೈಸ್ ಮಾಡಿ ಬಳಸಿದರು. 2003ರಲ್ಲಿ ಅದರ ಫಲಿತಾಂಶವನ್ನೂ ಪ್ರಕಟಿಸಿದರು. ಮುಂದೆ ಉಗಾಂಡಾದಲ್ಲಿ 300ಕ್ಕೂ ಹೆಚ್ಚು ಗಂಡಸರ ಮೇಲೆ ಪರೀಕ್ಷೆ ನಡೆಯಿತು. ವರ್ಷದ ನಂತರ ನೋಡಿದರೆ ಕಂಪನಿಯ ಬಲೆಗೂ ಸೊಳ್ಳೆಪರದೆ ಬಟ್ಟೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಅಂದ್ರೆ ಅಡ್ಡಿಯಾಗಿರುವುದು ತಂತ್ರಜ್ಞಾನವಲ್ಲ.

ಅಡ್ಡಿ ಕೂಲಿಯದ್ದು. ಆಪರೇಷನ್ ಆದಮೇಲೆ ಕೆಲವು ವಾರ ಭಾರ ಎತ್ತಬೇಡಿ ಎಂದು ಹೇಳಿ ಕಳಿಸುತ್ತಾರೆ. ಭಾರ ಎತ್ತುವುದೇ ಕೆಲಸ ಆಗಿರುವವನು ಏನು ಮಾಡಬೇಕು? ಗಾಯಗೊಂಡ ಕ್ರಿಕೆಟಿಗರು ಚೇತರಿಸಿಕೊಳ್ಳಲು ಬೆಂಗಳೂರಿನಲ್ಲೇ ಬಿಸಿಸಿಐನ ಸೆಂಟರ್ ಆಫ್ ಎಕ್ಸಲೆನ್ಸ್ ಇದೆ, ಆ ದಿನಗಳಲ್ಲೂ ಗುತ್ತಿಗೆಯ ಹಣ ನಿಲ್ಲುವುದಿಲ್ಲ. ಆಯುಷ್ಮಾನ್ ಕಾರ್ಡ್ ಹಮಾಲನ ಆಪರೇಷನ್ ಖರ್ಚು ನೋಡಿಕೊಂಡರೂ ಮನೆಯ ರೇಷನ್ ನೋಡಿಕೊಳ್ಳಲ್ಲ. ಅವನು ಹೊತ್ತ ಚೀಲಗಳ ವಹಿವಾಟಿನ ಮೇಲೆ ಎಪಿಎಂಸಿ ಮಾರುಕಟ್ಟೆ ಶುಲ್ಕ ವಸೂಲಿ ಮಾಡುತ್ತದಲ್ಲ, ಅದರಲ್ಲೇ ಆರು ವಾರದ ಕೂಲಿ ಎತ್ತಿಡಲು ಏನು ಕಷ್ಟ?